ತಲೆಬುಡವಿಲ್ಲದ ಕಥೆ, ಮಾತಿಲ್ಲದ ನಾಟಕ

"ಇದೇನು ತಲೆಬುಡವಿಲ್ಲದ ಮಾತು?" ಎಂದು ನಾವು ದಿನಕ್ಕೆ ಎಷ್ಟು ಸಲ ಅನ್ನುತ್ತೇವೆ, ಎಂದಾದರೂ ಲೆಕ್ಕ ಇಟ್ಟಿದ್ದೀರಾ? ಮಕ್ಕಳಿಗೆ ಬಾಯಿಬಿಟ್ಟು ಅನ್ನುತ್ತೇವೆ, ಯಜಮಾನರಿಗೆ ಮನಸ್ಸಿನಲ್ಲೇ ಅನ್ನುತ್ತೇವೆ. ಆದರೆ ಬೇಕೆಂದೇ ತಲೆಬುಡವಿಲ್ಲದಂತೆ ಬರೆದ ಕಥೆಗಳಿವೆ, ಅವನ್ನು ಬರೆದವರು ಲೋಕಪ್ರಸಿದ್ಧರು ಎಂದರೆ ನಗಬೇಡಿ. ಅಂಥ ಕಥೆಗಳನ್ನು ತೆಗೆದುಕೊಂಡು ನಾವು ಎಂಟು ಜನ ಹೆಂಗಸರು, ಒಂದೇ ಒಂದು ಮಾತೂ ಇಲ್ಲದ ಮೂಕಾಭಿನಯ ಮಾಡಿ ಆಡಿದೆವು. ಅದು ಹೇಗೆ, ಯಾಕೆ ಎಂಬುದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣ ಅಂತ ಬರೆಯುತ್ತಿದ್ದೇನೆ. ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು, ಪಂಡಿತಳೇನಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ.

ನಮ್ಮೂರು ಮಾರನಹಳ್ಳಿ. ಸಕಲೇಶಪುರ ದಾಟಿ ಮಂಗಳೂರಿನ ಕಡೆಗೆ ಹೊರಟರೆ ಶಿರಾಡಿ ಘಾಟಿ ಇಳಿಯುವ ಮುಂಚೆ ಸಿಗುತ್ತದೆ. ಕಾಫಿ, ಏಲಕ್ಕಿ, ಮೆಣಸು, ಮಳೆ, ಇವಿಷ್ಟೇ ನಮ್ಮ ಬದುಕು. ಈಚೆಗೆ ಆನೆಗಳೂ ಸೇರಿಕೊಂಡಿವೆ. 2024ರ ಜುಲೈ ತಿಂಗಳಲ್ಲಿ ಘಾಟಿ ರಸ್ತೆಯಲ್ಲಿ ಗುಡ್ಡ ಕುಸಿದು ಓಡಾಟ ನಿಂತಿತಲ್ಲ, ಆಗ ಹಾಸನದ ಕಾಲೇಜಿನಲ್ಲಿ ಓದುವ ನನ್ನ ಮಗಳು ಮನೆಗೆ ಬಂದವಳು ವಾಪಸು ಹೋಗಲಾಗದೆ ಇಲ್ಲೇ ಉಳಿದಳು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ಲಿಲ್ಲ. ನಾನು ಒಲೆಯ ಮುಂದೆ ಕಡುಬು ಕಟ್ಟುತ್ತಿದ್ದರೆ ಅವಳು ಕಾಲೇಜಿನ ಪುಸ್ತಕದ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಪಕ್ಕದಲ್ಲಿ ಬೆಂಕಿ ಕಾಯಿಸುತ್ತಾ ನಮ್ಮತ್ತೆಯವರು ಕೂತಿರುತ್ತಿದ್ದರು.

ಅತ್ತೆಯವರ ವಿಷಯ ಒಂದು ಮಾತು ಹೇಳಲೇಬೇಕು. ಅದಕ್ಕೆ ಎರಡು ವರ್ಷ ಮುಂಚೆ ಅಂಗಳದಲ್ಲಿ ಅಡಿಕೆ ಹರವುತ್ತಿದ್ದವರು ಇದ್ದಕ್ಕಿದ್ದಂತೆ ಬಿದ್ದರು. ಪಾರ್ಶ್ವವಾಯು. ಬಲಗೈ ಸೋತಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಅವರು ಹೇಳಹೊರಟರೆ ಮಾತ್ರ "ಹೂಂ" ಮತ್ತು "ಬಾ", ಎರಡೇ ಬರುತ್ತವೆ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಬಾಯಿ ಅದು. ಉಳಿದದ್ದನ್ನೆಲ್ಲ ಎಡಗೈಯಲ್ಲಿ, ಹುಬ್ಬಿನಲ್ಲಿ, ಕಣ್ಣಿನಲ್ಲಿ ಹೇಳುತ್ತಾರೆ. ಉಪ್ಪು ಜಾಸ್ತಿಯಾದರೆ ಅವರ ಮೂಗಿನ ತುದಿ ನೋಡಿದರೆ ಸಾಕು, ನನಗೆ ಗೊತ್ತಾಗುತ್ತದೆ.

ಮಗಳು ಹೇಳಿದ ಮೊದಲ ಕಥೆ ರಷ್ಯಾದ ಡೇನಿಯಲ್ ಖಾರ್ಮ್ಸ್ ಎಂಬುವನದು. ಕಥೆ ಇಷ್ಟೇ: ಒಬ್ಬ ಮುದುಕಿ ಕುತೂಹಲಕ್ಕೆ ಕಿಟಕಿಯಿಂದ ಬಗ್ಗಿ ನೋಡಿ ಕೆಳಗೆ ಬೀಳುತ್ತಾಳೆ. ಅವಳು ಬಿದ್ದದ್ದನ್ನು ನೋಡಲು ಇನ್ನೊಬ್ಬಳು ಬಗ್ಗಿ ಅವಳೂ ಬೀಳುತ್ತಾಳೆ. ಆಮೇಲೆ ಮೂರನೆಯವಳು, ನಾಲ್ಕನೆಯವಳು, ಐದನೆಯವಳು. ಆರನೆಯವಳು ಬೀಳುವ ಹೊತ್ತಿಗೆ ನೋಡುತ್ತಿದ್ದವನಿಗೆ ಬೇಜಾರಾಗುತ್ತದೆ. ಅಲ್ಲೆಲ್ಲೋ ಮಾರುಕಟ್ಟೆಯಲ್ಲಿ ಒಬ್ಬ ಕುರುಡನಿಗೆ ಹೆಣೆದ ಶಾಲು ಕೊಟ್ಟರಂತೆ ಎಂದು ಅತ್ತ ನಡೆಯುತ್ತಾನೆ. ಮುಗಿಯಿತು.

"ಇದೂ ಒಂದು ಕಥೆಯೇನೇ?" ಎಂದೆ ನಾನು. ಆದರೆ ಅತ್ತೆಯವರು ನಗುತ್ತಿದ್ದರು. ಬಿದ್ದ ದಿನದಿಂದ ಅವರು ಹಾಗೆ ಹೊಟ್ಟೆ ಕುಲುಕಿಸಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನಕ್ಕು ನಕ್ಕು, ಕಡೆಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದು ನಗುವಿನ ನೀರೋ ಇನ್ನೊಂದರದೋ ನಾನು ಕೇಳಲಿಲ್ಲ.

ಆಮೇಲೆ ಮಗಳು ಆ ಖಾರ್ಮ್ಸನ ಬದುಕನ್ನೂ ಹೇಳಿದಳು. 1905ರಲ್ಲಿ ಹುಟ್ಟಿದವನು. ಸ್ಟಾಲಿನ್ನನ ಕಾಲ; ಬಾಯಿಬಿಟ್ಟರೆ ಕಷ್ಟ. ಹೊಟ್ಟೆಪಾಡಿಗೆ ಮಕ್ಕಳ ಪತ್ರಿಕೆಗಳಿಗೆ ಬರೆಯುತ್ತಿದ್ದ. ದೊಡ್ಡವರಿಗಾಗಿ ಬರೆದದ್ದರಲ್ಲಿ ಅವನು ಬದುಕಿರುವಾಗ ಅಚ್ಚಾದದ್ದು ತೀರಾ ಕಡಿಮೆ. 1941ರಲ್ಲಿ ಅವನನ್ನು ಹಿಡಿದುಕೊಂಡು ಹೋದರು. ಲೆನಿನ್‌ಗ್ರಾಡ್ ಊರಿಗೆ ಜರ್ಮನರ ಮುತ್ತಿಗೆ ಬಿದ್ದು ಅನ್ನವಿಲ್ಲದ ಕಾಲದಲ್ಲಿ, 1942ರ ಫೆಬ್ರವರಿಯಲ್ಲಿ, ಸೆರೆಮನೆಯ ಆಸ್ಪತ್ರೆಯಲ್ಲಿ ಹಸಿವಿನಿಂದ ಸತ್ತ. ಅವನ ಕಾಗದಗಳನ್ನು ಗೆಳೆಯನೊಬ್ಬ ಸೂಟ್‌ಕೇಸಿನಲ್ಲಿ ತುಂಬಿ ಕಾಪಾಡಿದ್ದರಿಂದ ಈ ಕಥೆಗಳು ಉಳಿದವು. ಮನುಷ್ಯರು ಒಬ್ಬರ ಹಿಂದೊಬ್ಬರು ಕಾಣೆಯಾಗುತ್ತಿದ್ದರು, ನೋಡುವವರು ನೋಡಿ ನೋಡಿ ಬೇಸತ್ತು ಸಂತೆಗೆ ಹೋಗುತ್ತಿದ್ದರು. ಇದನ್ನು ಕೇಳಿದ ಮೇಲೆ ಮುದುಕಿಯರ ಕಥೆ ನನಗೆ ಅಷ್ಟೇನೂ ತಲೆಬುಡವಿಲ್ಲದ್ದು ಅನ್ನಿಸಲಿಲ್ಲ.

ಇಂಥವನ್ನು ಕನ್ನಡದಲ್ಲಿ ಅಸಂಗತ ಸಾಹಿತ್ಯ ಅನ್ನುತ್ತಾರಂತೆ. ಅರವತ್ತರ ದಶಕದಿಂದೀಚೆಗೆ ಪಿ. ಲಂಕೇಶ್, ಚಂದ್ರಶೇಖರ ಪಾಟೀಲ ಮುಂತಾದವರು ಕನ್ನಡದಲ್ಲಿ ಅಸಂಗತ ನಾಟಕಗಳನ್ನು ಬರೆದರು. ಅಷ್ಟು ದೂರ ಯಾಕೆ? ನಮ್ಮ ಪಕ್ಕದ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರ "ತಬರನ ಕಥೆ"ಯನ್ನು ನೆನಪು ಮಾಡಿಕೊಳ್ಳಿ. ಗಿರೀಶ ಕಾಸರವಳ್ಳಿಯವರು ಅದನ್ನು 1986ರಲ್ಲಿ ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು. ನಿವೃತ್ತನಾದ ತಬರ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ; ಅತ್ತ ಸಕ್ಕರೆ ಕಾಯಿಲೆಯ ಹೆಂಡತಿಯ ಕಾಲಿನ ಹುಣ್ಣು ಏರುತ್ತಾ ಹೋಗುತ್ತದೆ. ಪ್ರತಿಯೊಬ್ಬ ಗುಮಾಸ್ತನ ಮಾತೂ ಕಾನೂನಿನ ಪ್ರಕಾರ ಸರಿ. ಎಲ್ಲ ಸೇರಿದರೆ ಹುಚ್ಚು. ಅಸಂಗತ ಅಂದರೆ ಇದೇ ತಾನೆ?

ಈಗ ನಮ್ಮ ನಾಟಕಕ್ಕೆ ಬರುತ್ತೇನೆ. ನಮ್ಮ ಊರಿನ ಹೆಂಗಸರ ಸಂಘದಿಂದ ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಏನಾದರೊಂದು ಕಾರ್ಯಕ್ರಮ ಇರುತ್ತದೆ. ನಾಟಕ ಅಂದ ಕೂಡಲೇ ಎಲ್ಲರದ್ದೂ ಒಂದೇ ರಾಗ: "ಅಯ್ಯೋ, ಮಾತು ಬಾಯಿಪಾಠ ಬರಲ್ಲ ಕಣಕ್ಕಾ." "ಮೈಕಿನ ಮುಂದೆ ನನ್ನ ದನಿ ನಡುಗುತ್ತೆ." "ನಮ್ಮ ಮಾವನೋರು ಕೂತಿರ್ತಾರೆ, ಅವರ ಮುಂದೆ ಜೋರಾಗಿ ಮಾತಾಡೋದು ಹೆಂಗೆ?" ನಾನು ಆಗ ಅಂದೆ: "ಮಾತೇ ಇಲ್ಲದ ನಾಟಕ ಆದರೆ?"

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಸಂಘದ ಹಿರಿಯರೊಬ್ಬರು, "ಕನ್ನಡದ ಹಬ್ಬಕ್ಕೆ ಕನ್ನಡವೇ ಇಲ್ಲದ ನಾಟಕವಾ? ಚೆನ್ನಾಗಿದೆ ಕಣಮ್ಮ!" ಎಂದು ಆಕ್ಷೇಪಿಸಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಅದಕ್ಕೆ ನಮ್ಮಲ್ಲೇ ಒಬ್ಬಳು ಉತ್ತರ ಹೇಳಿದಳು: "ನೋಡೋಕೆ ಬರೋರಲ್ಲಿ ಅರ್ಧ ಜನ ತೋಟದ ಲೈನಿನೋರು. ತಮಿಳಿನೋರು, ಅಸ್ಸಾಮಿನೋರು. ಪ್ರತಿ ವರ್ಷ ಬಂದು ಪಾಪ ಸುಮ್ಮನೆ ಕೂತು ಎದ್ದು ಹೋಗ್ತಾರೆ. ಒಂದು ವರ್ಷ ಅವರಿಗೂ ಅರ್ಥ ಆಗ್ಲಿ ಬಿಡಿ." ಹಿರಿಯರು ಒಪ್ಪಿದರು. ನಿರೂಪಣೆ ಮಾತ್ರ ಅಚ್ಚ ಕನ್ನಡದಲ್ಲಿರಬೇಕು ಎಂದು ಷರತ್ತು ಹಾಕಿದರು.

ಮಾತಿಲ್ಲದ ಆಟ ನಮ್ಮ ಜನಕ್ಕೆ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಬಗೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ. ವಾಚಿಕವೊಂದನ್ನು ತೆಗೆದರೂ ಮೈ, ವೇಷ, ಮನಸ್ಸು, ಮೂರು ಉಳಿಯುತ್ತವಲ್ಲ! 1987ರಲ್ಲಿ ಸಿಂಗೀತಂ ಶ್ರೀನಿವಾಸರಾಯರ "ಪುಷ್ಪಕ ವಿಮಾನ" ಬಂದಾಗ ಮಾತಿಲ್ಲದ ಸಿನಿಮಾವನ್ನು ಜನ ಮುಗಿಬಿದ್ದು ನೋಡಿದರು. ಫ್ರಾನ್ಸಿನ ಮಾರ್ಸೆಲ್ ಮಾರ್ಸೋ (1923–2007) ಎಂಬ ಮೂಕಾಭಿನಯದ ಮಹಾ ಕಲಾವಿದ, ರಷ್ಯಾದ ಗೊಗೊಲ್ ಬರೆದ "ಕೋಟು" ಕಥೆಯನ್ನು 1951ರಲ್ಲಿ ಮಾತಿಲ್ಲದ ನಾಟಕವಾಗಿ ಆಡಿಸಿದ. ಬಡ ಗುಮಾಸ್ತನೊಬ್ಬ ಹೊಟ್ಟೆ ಕಟ್ಟಿ ಹೊಸ ಕೋಟು ಹೊಲಿಸಿ, ಅದು ಕಳುವಾಗಿ, ಕೊರಗಿ ಸಾಯುವ ಕಥೆ ಅದು. ಐರ್ಲೆಂಡಿನ ಸ್ಯಾಮ್ಯುಯೆಲ್ ಬೆಕೆಟ್ ಮಾತೇ ಇಲ್ಲದ ಒಂದು ನಾಟಕ ಬರೆದ. ಅದು 1957ರಲ್ಲಿ ಲಂಡನ್ನಿನಲ್ಲಿ ಮೊದಲು ರಂಗಕ್ಕೆ ಬಂತು. ಮರಳುಗಾಡಿನಲ್ಲಿ ಒಬ್ಬ ಮನುಷ್ಯ. ಮೇಲಿನಿಂದ ನೀರಿನ ಹೂಜಿ ಇಳಿಯುತ್ತದೆ. ಕೈ ಚಾಚಿದರೆ ಮೇಲಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟುಕೊಂಡು ಕಾದವರಿಗೆ ಇದನ್ನು ವಿವರಿಸಬೇಕೆ?

ಧೈರ್ಯಕ್ಕೆ ಹತ್ತಿರದ ಉದಾಹರಣೆಯೂ ಇತ್ತು. ನಮ್ಮ ಸಕಲೇಶಪುರ ತಾಲ್ಲೂಕಿನಲ್ಲೇ ಬೆಳ್ಳೇಕೆರೆ ಎಂಬ ಹಳ್ಳಿಯಿದೆ. ಅಲ್ಲಿ ಪ್ರಸಾದ್ ರಕ್ಷಿದಿಯವರು ತೋಟದ ಕೆಲಸಗಾರರನ್ನೂ ರೈತರನ್ನೂ ಕಟ್ಟಿಕೊಂಡು ವರ್ಷಗಟ್ಟಲೆ ನಾಟಕ ಆಡಿಸಿದ್ದಾರೆ, ಆ ಅನುಭವವನ್ನು ಪುಸ್ತಕವಾಗಿಯೂ ಬರೆದಿದ್ದಾರೆ. ಕಾಫಿ ಹಣ್ಣು ಕೊಯ್ದ ಕೈಗಳು ರಂಗದ ಮೇಲೆ ಬರಬಹುದಾದರೆ ಕಡುಬು ಕಟ್ಟಿದ ಕೈಗಳು ಬರಬಾರದೇ?

ಕಥೆಯನ್ನು ಮೂಕಾಭಿನಯಕ್ಕೆ ಇಳಿಸುವುದು ಹೇಗೆ ಎಂದು ಕೇಳುವಿರಾ? ಅಡಿಗೆ ಬರೆದುಕೊಂಡ ಹಾಗೆ ಬರೆದುಕೊಳ್ಳಿ.

ಮೊದಲು, ಕಥೆಯಲ್ಲಿ ಯಾರು ಏನು ಅಂದರು ಎಂಬುದನ್ನು ಬಿಟ್ಟು, ಯಾರು ಏನು ಮಾಡಿದರು ಎಂಬುದನ್ನಷ್ಟೇ ಪಟ್ಟಿ ಮಾಡಿ. ಬಂದಳು, ಬಗ್ಗಿದಳು, ಬಿದ್ದಳು. ಹತ್ತು ಸಾಲಿನೊಳಗೆ ಪಟ್ಟಿ ಮುಗಿಯುವ ಕಥೆಯೇ ಒಳ್ಳೆಯದು. ಮನಸ್ಸಿನೊಳಗಿನ ಯೋಚನೆಯೇ ಹೆಚ್ಚಿರುವ ಕಥೆ ಇದಕ್ಕೆ ಒಗ್ಗುವುದಿಲ್ಲ.

ಎರಡನೆಯದು, ಇಲ್ಲದ ವಸ್ತುವಿಗೆ ಜಾಗ ಮತ್ತು ಭಾರ ಕೊಡುವುದು. ಕಿಟಕಿ ಎದೆಯ ಮಟ್ಟಕ್ಕಿದೆ ಎಂದು ಮೊದಲನೆಯವಳು ತೋರಿಸಿದರೆ ಆರನೆಯವಳಿಗೂ ಅದು ಅಲ್ಲೇ ಇರಬೇಕು. ಗೋಡೆ ಮುಟ್ಟುವಾಗ ಅಂಗೈ ಸಡಿಲವಾಗಿ ಹೋಗಿ, ಗೋಡೆ ಸಿಕ್ಕ ಕೂಡಲೇ ಬಿಗಿಯಾಗಿ ಚಪ್ಪಟೆಯಾಗಬೇಕು. ಮೈ ಅಲ್ಲಾಡಿದರೂ ಕೈ ಅಲ್ಲಾಡಬಾರದು. ಆಗ ನೋಡುವವರಿಗೆ ಗೋಡೆ ಕಾಣುತ್ತದೆ. ಭಾರ ಎತ್ತುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಬಲ ಸೊಂಟದ ಮೇಲೆ ಕೊಡ ಇಟ್ಟರೆ ಮೈ ಎಡಕ್ಕೆ ವಾಲುತ್ತದೆ, ಇಷ್ಟು ಮರೆಯದಿದ್ದರೆ ಖಾಲಿ ಸೊಂಟದ ಮೇಲೂ ಕೊಡ ಕಾಣುತ್ತದೆ.

ಮೂರನೆಯದು, ಪ್ರತಿ ಮಾತಿಗೂ ಒಂದೊಂದು ಸನ್ನೆ ಹಚ್ಚಬಾರದು. ಕಿವುಡರ ಸನ್ನೆಭಾಷೆ ಬೇರೆ, ಅದು ಪೂರ್ತಿ ಒಂದು ಭಾಷೆ. "ಅಯ್ಯೋ ಬಿದ್ದಳಲ್ಲಾ" ಎಂದು ಕೈ ತಿರುಗಿಸಿ ಹೇಳುವುದು ಮೂಕಾಭಿನಯವಲ್ಲ. ಬಿದ್ದದ್ದನ್ನು ಕಂಡವಳ ಉಸಿರು ನಿಲ್ಲುವುದು ಮೂಕಾಭಿನಯ.

ನಾಲ್ಕನೆಯದು, ಮಾಡಿದ್ದನ್ನೇ ಮತ್ತೆ ಮಾಡುವುದು. ಅಸಂಗತ ಕಥೆಯ ಜೀವ ಇರುವುದೇ ಇಲ್ಲಿ. ಮೊದಲ ಸಲ ತಮಾಷೆ, ಮೂರನೆಯ ಸಲ ಇನ್ನೂ ತಮಾಷೆ, ಐದನೆಯ ಸಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ನಮ್ಮ ಅಭ್ಯಾಸಕ್ಕೆ ಇದು ಬಹಳ ಸುಲಭವಾಯಿತು. ತಿಕ್ಕಿದ ಪಾತ್ರೆ ಮತ್ತೆ ತಿಕ್ಕಿ, ಗುಡಿಸಿದ ಅಂಗಳ ಮತ್ತೆ ಗುಡಿಸಿ ರೂಢಿಯಾದವರು ನಾವು.

ಖರ್ಚು ಏನೂ ಇಲ್ಲ. ಎಲ್ಲರೂ ಕಪ್ಪು ಸೀರೆ ಉಟ್ಟೆವು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡೆವು. ಹಿಂದೆ ಕೂತವರಿಗೂ ಕಣ್ಣು, ಬಾಯಿ ಎದ್ದು ಕಾಣಲಿ ಅಂತ. ಕಿಟಕಿಯಿಂದ ಬೀಳುವುದಕ್ಕೆ ನಿಜವಾಗಿ ಬೀಳಬೇಕಾಗಿಲ್ಲ. ಮುಂದಕ್ಕೆ ಬಗ್ಗಿ, ತಿರುಗಿ, ಜನರಿಗೆ ಬೆನ್ನು ಮಾಡಿ ತಲೆಗೆ ಸೆರಗು ಎಳೆದುಕೊಂಡು ಕೂತುಬಿಡುವುದು. ಆ ಹೊತ್ತಿಗೆ ಒಳಗಿನಿಂದ ಒಬ್ಬಳು ಒನಕೆಯನ್ನು ಹಲಗೆಯ ಮೇಲೆ ಒಮ್ಮೆ ಕುಟ್ಟುತ್ತಾಳೆ, ಧೊಪ್! ಹೀಗೆ ಆರು ಕಪ್ಪು ಬೆನ್ನುಗಳು ಸಾಲಾಗಿ ಉಳಿಯುತ್ತವೆ.

ಅಭ್ಯಾಸ ನಮ್ಮ ಮನೆಯ ಶೀಟಿನ ಮಾಡಿನ ಕೆಳಗೆ ನಡೆಯಿತು. ಶೀಟಿನ ಮೇಲೆ ಮಲೆನಾಡಿನ ಮಳೆ ಬಿದ್ದರೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ, ನಿಮಗೇ ಗೊತ್ತು. ಬೇರೆ ನಾಟಕವಾಗಿದ್ದರೆ ನಿಲ್ಲಿಸಬೇಕಾಗಿತ್ತು, ನಮ್ಮದು ನಿಲ್ಲಲಿಲ್ಲ. ಅತ್ತೆಯವರು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಬಿದ್ದವರ ಮುಂದೆ ಬೀಳುವ ಆಟ ಆಡುವುದು ಸರಿಯೇ ಎಂದು ನನಗೆ ಅಳುಕಿತ್ತು. ಎರಡನೆಯ ದಿನ ಅವರು ಎಡಗೈ ಎತ್ತಿ "ಬಾ" ಎಂದು ನನ್ನನ್ನು ಕರೆದರು. ಕುರ್ಚಿಯಲ್ಲೇ ತೋರಿಸಿದರು: ಮೊದಲು ಕಣ್ಣು ಹೋಯಿತು, ಆಮೇಲೆ ಗಲ್ಲ, ಆಮೇಲೆ ಕತ್ತು, ಕಡೆಗೆ ಎದೆ. ಬೀಳುವ ಕ್ಷಣದಲ್ಲಿ ಅವರ ಮುಖದಲ್ಲಿ ಭಯ ಇರಲಿಲ್ಲ, ಆಶ್ಚರ್ಯ ಇತ್ತು. "ಅರೆ, ನನಗಾ ಇದು?" ಎಂಬಂಥ ಆಶ್ಚರ್ಯ. ಅಂಗಳದಲ್ಲಿ ಅಂದು ಬಿದ್ದಾಗ ಅವರಿಗೆ ಏನನ್ನಿಸಿತ್ತು ಎಂದು ಎರಡು ವರ್ಷದಲ್ಲಿ ಮೊದಲ ಸಲ ನನಗೆ ತಿಳಿಯಿತು. ನಾವು ಆರೂ ಜನ ಹಾಗೆಯೇ ಬೀಳುವುದನ್ನು ಕಲಿತೆವು.

ನಮ್ಮ ಎರಡನೆಯ ಕಥೆ ಪ್ರಾಗ್ ನಗರದ ಫ್ರಾನ್ಜ್ ಕಾಫ್ಕಾ ಬರೆದು 1915ರಲ್ಲಿ ಅಚ್ಚಾದದ್ದು. ಕಾಫ್ಕಾ (1883–1924) ಕಥೆಗಾರ ಮಾತ್ರವಲ್ಲ, ಕೆಲಸದಲ್ಲಿ ಗಾಯಗೊಂಡ ಕಾರ್ಮಿಕರ ವಿಮೆಯ ಕಚೇರಿಯಲ್ಲಿ ನೌಕರನಾಗಿದ್ದವನು. ಕಡತಗಳ ಮಹಿಮೆ ಬಲ್ಲವನು. ಹಳ್ಳಿಯವನೊಬ್ಬ ನ್ಯಾಯದ ಬಾಗಿಲಿಗೆ ಬರುತ್ತಾನೆ. ಕಾವಲುಗಾರ "ಈಗ ಆಗಲ್ಲ" ಅನ್ನುತ್ತಾನೆ. ಬಾಗಿಲು ತೆರೆದೇ ಇದೆ, ಆದರೂ ಇವನು ಕಾಯುತ್ತಾನೆ. ತಂದದ್ದನ್ನೆಲ್ಲ ಲಂಚ ಕೊಡುತ್ತಾನೆ, ಮುದುಕನಾಗುತ್ತಾನೆ. ಸಾಯುವ ಹೊತ್ತಿಗೆ ತಿಳಿಯುತ್ತದೆ, ಆ ಬಾಗಿಲು ಇದ್ದದ್ದು ಅವನೊಬ್ಬನಿಗಾಗಿಯೇ, ಇನ್ನು ಅದನ್ನು ಮುಚ್ಚುತ್ತಾರೆ ಎಂದು.

ಇದನ್ನು ಆರಿಸಿಕೊಳ್ಳಲು ನನ್ನದೇ ಕಾರಣವಿತ್ತು. ನಮ್ಮ ಮಾವನವರು ಮೇಷ್ಟರಾಗಿದ್ದವರು. ಅವರ ನಂತರ ಅತ್ತೆಯವರಿಗೆ ಕುಟುಂಬ ಪಿಂಚಣಿ ಬರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ, ಅಂದರೆ ಬದುಕಿದ್ದೇನೆ ಎನ್ನುವ ಕಾಗದ, ಕೊಡಬೇಕು. ಹಿಂದಿನ ವರ್ಷ ಒಂದು ಕಚೇರಿಗೆ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋದೆವು. ಯಂತ್ರ ಅವರ ಬೆರಳು ಒಪ್ಪಲಿಲ್ಲ. ಅಡಿಕೆ ಸುಲಿದು, ಪಾತ್ರೆ ತಿಕ್ಕಿ ಗೆರೆಗಳೇ ಸವೆದಿದ್ದವು. ಹೆಸರು ಹೇಳಿ ಅಂದರು, ಅತ್ತೆ "ಹೂಂ" ಅಂದರು. "ಇವರು ಬದುಕಿದ್ದಾರೆ ಅನ್ನೋದಕ್ಕೆ ಪುರಾವೆ ಇಲ್ಲವಲ್ಲಮ್ಮ" ಎಂದರು ಅಲ್ಲಿದ್ದವರು, ಎದುರಿಗೇ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದವರನ್ನು ನೋಡುತ್ತಲೇ! ನಾಲ್ಕು ಸಲ ಅಲೆದೆವು. ನಾಲ್ಕು ತಿಂಗಳು ದುಡ್ಡು ನಿಂತಿತು. ಕೊನೆಗೆ ಫೋನಿನಲ್ಲಿ ಮುಖ ತೋರಿಸುವ ಕ್ರಮದಲ್ಲಿ ಕೆಲಸ ಆಯಿತು. ಆ ನಾಲ್ಕು ತಿಂಗಳು ಅತ್ತೆಯವರು ರಾತ್ರಿ ತಮ್ಮ ಹೆಬ್ಬೆರಳನ್ನು ದೀಪಕ್ಕೆ ಹಿಡಿದು ನೋಡಿಕೊಳ್ಳುತ್ತಿದ್ದರು.

ಕಾಫ್ಕಾನ ಹಳ್ಳಿಯವನನ್ನು ನಾವು ಮುದುಕಿ ಮಾಡಿದೆವು, ಅವಳು ಕೊಡುವ ಲಂಚವನ್ನು ಹೆಬ್ಬೆರಳು ಮಾಡಿದೆವು. ಅವಳು ಬಾಗಿಲ ಮುಂದೆ ಹೆಬ್ಬೆರಳು ಒತ್ತುತ್ತಾಳೆ, ಕಾವಲುಗಾರ ತಲೆಯಾಡಿಸುತ್ತಾನೆ. ಸೀರೆಗೆ ಒರೆಸಿ ಮತ್ತೆ ಒತ್ತುತ್ತಾಳೆ. ಎಂಜಲು ಹಚ್ಚಿ ಒತ್ತುತ್ತಾಳೆ. ನಿಂತವಳು ಕೂರುತ್ತಾಳೆ, ಕೂತವಳು ಒರಗುತ್ತಾಳೆ, ಹೆಬ್ಬೆರಳು ಮಾತ್ರ ಎತ್ತಿದ್ದು ಎತ್ತಿದ ಹಾಗೇ. ಕಾವಲುಗಾರ ನಿಧಾನವಾಗಿ ಬಾಗಿಲು ಮುಚ್ಚುತ್ತಾನೆ. ಮುದುಕಿಯ ಪಾತ್ರ ನನ್ನದು.

ರಾಜ್ಯೋತ್ಸವದ ದಿನ ಶಾಲೆಯ ಜಗಲಿಯೇ ರಂಗಮಂಟಪ. ಮೊದಲ ಆಟಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕವು. ನಾಲ್ಕನೆಯವಳು ಬಿದ್ದಾಗ ದೊಡ್ಡವರ ನಗು ನಿಂತಿತು. ಆರನೆಯ ಒನಕೆಯ ಸದ್ದಿಗೆ ನೋಡುತ್ತಿದ್ದವನ ವೇಷದವಳು ಆಕಳಿಸಿ, ಚೀಲ ಹೆಗಲಿಗೇರಿಸಿ ಸಂತೆಗೆ ಹೊರಟಾಗ ಹಿಂದಿನಿಂದ ಯಾರೋ "ಥೂ" ಅಂದರು. ಅದಕ್ಕಿಂತ ದೊಡ್ಡ ಚಪ್ಪಾಳೆ ನಮಗೆ ಬೇಕಿರಲಿಲ್ಲ.

ಎರಡನೆಯ ಆಟದಲ್ಲಿ ನಾನು ಹೆಬ್ಬೆರಳು ಎತ್ತಿ ಹಿಡಿದಿದ್ದಾಗ ಒಂದು ವಿಚಿತ್ರ ಕಂಡೆ. ಮುಂದೆ ಕೂತಿದ್ದ ಅಸ್ಸಾಮಿನ ಒಬ್ಬ ಹೆಣ್ಣುಮಗಳು, ಕಂಕುಳಲ್ಲಿ ಕೂಸು, ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ಅವಳ ಪಕ್ಕದಲ್ಲಿ ನಮ್ಮೂರಿನ ಅಜ್ಜನೊಬ್ಬರೂ ನೋಡಿಕೊಂಡರು. ರೇಷನ್ನಿಗೆ, ಬ್ಯಾಂಕಿಗೆ, ಆಧಾರಿಗೆ ಬೆರಳು ಒತ್ತದವರು ಯಾರಿದ್ದಾರೆ? ಭಾಷೆ ಬೇರೆಯಾದರೂ ಹೆಬ್ಬೆರಳು ಎಲ್ಲರದೂ ಒಂದೇ. ಆಟ ಮುಗಿದ ಮೇಲೆ ಆ ಹೆಣ್ಣುಮಗಳು ನನ್ನ ಬಳಿ ಬಂದು, ಏನೂ ಹೇಳದೆ, ತನ್ನ ಬೆರಳನ್ನು ನನ್ನ ಬೆರಳಿಗೆ ಒತ್ತಿ ಹೋದಳು.

ಅತ್ತೆಯವರು? ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಆಚೀಚೆ ನೋಡುತ್ತಿದ್ದರಂತೆ. ನಮ್ಮವರು ಆಮೇಲೆ ಹೇಳಿದರು, "ಅಮ್ಮ ನಾಟಕ ನೋಡಲಿಲ್ಲ ಕಣೇ, ಜನ ಹೇಗೆ ನೋಡ್ತಿದಾರೆ ಅಂತ ನೋಡ್ತಿದ್ರು." ತನಗಾದದ್ದನ್ನು ಊರಿಗೆ ಹೇಳಿಯಾಯಿತು, ಊರು ಕೇಳಿಸಿಕೊಂಡಿತು ಎಂಬ ಸಮಾಧಾನ ಅವರ ಮುಖದ ಮೇಲಿತ್ತು. ಎರಡು ವರ್ಷದಿಂದ ಅವರಿಗೆ ಅದು ಸಿಕ್ಕಿರಲಿಲ್ಲ.

ಸೋದರಿಯರೇ, ಹೇಳಲಾಗದ ಮಾತು ಯಾರ ಮನೆಯಲ್ಲಿಲ್ಲ? ಕೆಲವರಿಗೆ ಕಾಯಿಲೆಯಿಂದ, ಕೆಲವರಿಗೆ ಹೆದರಿಕೆಯಿಂದ, ಕೆಲವರಿಗೆ ಭಾಷೆ ಬಾರದೆ ಮಾತು ನಿಂತಿರುತ್ತದೆ. ಅರ್ಥವಿಲ್ಲದ ಕಷ್ಟವನ್ನು ಅರ್ಥವಿರುವ ಮಾತಿನಲ್ಲಿ ಹೇಳಹೋದರೆ "ಹೌದಾ, ಪಾಪ" ಎಂದು ಕೇಳಿದವರು ಮರೆಯುತ್ತಾರೆ. ಅದನ್ನೇ ಮೈಯಿಂದ ಮಾಡಿ ತೋರಿಸಿದರೆ ಅವರ ಮೈಗೂ ತಟ್ಟುತ್ತದೆ. ಆ ಕಥೆಗಾರರು ತಲೆಬುಡ ಬಿಟ್ಟು ಬರೆದದ್ದೂ ಇದಕ್ಕೇ ಇರಬೇಕೆಂದು ನನಗೀಗ ಅನ್ನಿಸುತ್ತದೆ.

ನಿಮ್ಮ ಮಹಿಳಾ ಸಮಾಜದಲ್ಲೂ ಒಮ್ಮೆ ಪ್ರಯತ್ನಿಸಿ. ಐದಾರು ಜನ, ಕಪ್ಪು ಸೀರೆ, ಒಂದು ಒನಕೆ, ಹತ್ತು ನಿಮಿಷದ ಆಟ ಸಾಕು. ಮೊದಲ ದಿನ ಎಲ್ಲರಿಗೂ ನಗು ಬರುತ್ತದೆ, ನಗಲಿ ಬಿಡಿ. ಮೂರನೆಯ ದಿನದಿಂದ ಕೈ ಮಾತಾಡಲು ಶುರುಮಾಡುತ್ತದೆ. ಮನೆಯಲ್ಲಿ ಮಾತಾಡಲಾಗದ ಹಿರಿಯರಿದ್ದರೆ ಅವರನ್ನು ಅಭ್ಯಾಸದ ಜಾಗದಲ್ಲಿ ಮುಂದೆ ಕೂರಿಸಿಕೊಳ್ಳಿ. ನಿಮಗೆ ಅವರಿಗಿಂತ ಒಳ್ಳೆಯ ಗುರು ಸಿಗಲಾರರು.